ಊರಿನಲ್ಲಿ ದೂರು, ಪರವೂರಿನಲ್ಲಿ ವಸೂಲಿ

ಒಂದು ನ್ಯಾಯಾಲಯ ಅಥವಾ ಆಯೋಗವು ಯಾವ ಪ್ರದೇಶದ, ಎಷ್ಟು ಮೊತ್ತದ, ಯಾವ ಬಗೆಯ ವ್ಯಾಜ್ಯವನ್ನು ವಿಚಾರಿಸಬಹುದೆಂಬ ಮಿತಿಗೆ ನ್ಯಾಯವ್ಯಾಪ್ತಿ ಎಂದು ಹೆಸರು. ಕೋಟಿಗಟ್ಟಲೆಯ ವ್ಯಾಜ್ಯದಲ್ಲಿ ಅದು ವಕೀಲರು ವಾದಿಸಿ ಮುಗಿಸುವ ಪ್ರಾಥಮಿಕ ಆಕ್ಷೇಪಣೆಯಾದರೆ, ನಾಲ್ಕೈದು ಸಾವಿರ ರೂಪಾಯಿಯ ವ್ಯಾಜ್ಯದಲ್ಲಿ ಅದೇ ಕೊನೆಯ ತೀರ್ಪಾಗಿಬಿಡುತ್ತದೆ. ಉಡುಪಿ ಜಿಲ್ಲೆಯ ಯಡ್ತರೆಯಿಂದ ದೆಹಲಿಗೆ ಒಮ್ಮೆ ಹೋಗಿಬರುವ ಖರ್ಚೇ ಕೇಳುವ ಪರಿಹಾರವನ್ನು ಮೀರುವುದರಿಂದ ಅಲ್ಲಿನ ಕಂಪನಿಗೆ ಸೋಲಿನ ಭಯವಿರುವುದಿಲ್ಲ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಈ ಸ್ಥಿತಿಯನ್ನು ಪೂರ್ತಿ ಬದಲಿಸಿರಲಿಲ್ಲ. ಎದುರುದಾರ ಕಂಪನಿ ವ್ಯವಹರಿಸುವ ಅಥವಾ ಶಾಖೆ ಹೊಂದಿರುವ ಸ್ಥಳದಲ್ಲಿ, ಇಲ್ಲವೇ ವ್ಯಾಜ್ಯಕಾರಣ ಹುಟ್ಟಿದ ಸ್ಥಳದಲ್ಲಿ ದೂರು ಕೊಡಬೇಕಿತ್ತು. ಅಂಬಾಲಾದ ಗೋದಾಮಿಗೆ ಬೆಂಕಿ ಬಿದ್ದ ಸೋನಿಕ್ ಸರ್ಜಿಕಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ವಿಮಾ ಕಂಪನಿಗೆ ಚಂಡೀಗಢದಲ್ಲಿ ಶಾಖೆಯಿದ್ದ ಮಾತ್ರಕ್ಕೆ ಅಲ್ಲಿ ದೂರು ನಿಲ್ಲದೆಂದು ಹೇಳಿ, ಇದ್ದ ಬಾಗಿಲನ್ನೂ ಕಿರಿದಾಗಿಸಿತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆಯ 34ನೆಯ ಕಲಮು ಫಿರ್ಯಾದಿದಾರನು ವಾಸಿಸುವ ಅಥವಾ ಸ್ವತಃ ದುಡಿಯುವ ಸ್ಥಳವನ್ನೂ ಸೇರಿಸಿತು. ಹಾಗಾಗಿ ಕಂಪನಿ ಎಲ್ಲಿಯದಾದರೂ ಯಡ್ತರೆಯ ಗ್ರಾಹಕನು ಉಡುಪಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ದೂರನ್ನು ಆನ್‌ಲೈನಿನಲ್ಲಿಯೇ ಸಲ್ಲಿಸಬಹುದು, ಅವಧಿ ಎರಡು ವರ್ಷ.

ಕರಾವಳಿಯ ಜೀವನಕ್ಕೆ ಈ ಕಲಮು ಒಗ್ಗುವ ಬಗೆ ಗಮನಾರ್ಹ. ಬೆಂಗಳೂರು, ಮುಂಬಯಿಗಳ ಹೋಟೆಲಿನಲ್ಲಿ ದುಡಿಯುತ್ತ ಬೈಂದೂರಿನ ಕಡೆ ಮನೆ ಇಟ್ಟುಕೊಂಡವನಿಗೆ ದುಡಿಮೆಯ ಊರೂ ತೆರೆದಿದೆ. ಆದರೆ ಜಾತ್ರೆಗೆ, ಮದುವೆಗೆ ಮಾತ್ರ ಊರಿಗೆ ಬರುವವನನ್ನು ಇಲ್ಲಿನ ವಾಸಿ ಎನ್ನಬಹುದೇ ಎಂಬುದು ಚರ್ಚೆಯ ವಿಷಯ. ಸ್ವಂತ ದುಡಿಮೆಯಿಂದ ಜೀವನೋಪಾಯ ಸಾಗಿಸಲೆಂದೇ ದೋಣಿಯ ಎಂಜಿನ್ ಕೊಂಡ ಮೀನುಗಾರನನ್ನು ಗ್ರಾಹಕನಲ್ಲ, ವ್ಯಾಪಾರಿಯೆಂದು ತಳ್ಳಿಹಾಕುವಂತಿಲ್ಲ. ಆ ಎಂಜಿನ್ನಿನ ಬಿಲ್ಲಿನ ಅಡಿಯಲ್ಲಿ, ಮಸಿ ಮಾಸಿದ ಅಕ್ಷರಗಳಲ್ಲಿ, ವಿವಾದಗಳು ದೆಹಲಿಯ ನ್ಯಾಯಾಲಯಗಳಿಗೆ ಮಾತ್ರ ಒಳಪಟ್ಟಿವೆ ಎಂಬ ಸಾಲಿದ್ದರೆ, ಸಿವಿಲ್ ದಾವೆಯಲ್ಲಿ ಅದಕ್ಕೆ ತೂಕ ಉಂಟು: ವ್ಯಾಪ್ತಿಯಿರುವ ಎರಡು ನ್ಯಾಯಾಲಯಗಳಲ್ಲಿ ಒಂದನ್ನು ಕರಾರಿನಿಂದ ಆರಿಸಿಕೊಳ್ಳಬಹುದೆಂದು ಹಾಕಮ್ ಸಿಂಗ್ ಪ್ರಕರಣದಲ್ಲಿ 1971ರಲ್ಲಿಯೇ ತೀರ್ಮಾನವಾಗಿದೆ. ಗ್ರಾಹಕ ಆಯೋಗದ ಮುಂದೆ ಮಾತ್ರ, ಶಾಸನವೇ ಕೊಟ್ಟ ಹಕ್ಕನ್ನು ಬಿಲ್ಲಿನ ಸಾಲು ಕಸಿಯಲಾರದೆಂಬ ವಾದಕ್ಕೆ ಬಲ ಹೆಚ್ಚು.

ನಿಜವಾದ ತೊಡಕು ಇರುವುದು ಗೆದ್ದ ಮೇಲೆ. ಆಯೋಗದ ಆದೇಶವು ಡಿಕ್ರಿಯಂತೆ, ಅಂದರೆ ಸಿವಿಲ್ ನ್ಯಾಯಾಲಯದ ವಿಧ್ಯುಕ್ತ ತೀರ್ಮಾನದಂತೆ, ಅಮಲ್ಜಾರಿಯಾಗಬೇಕೆಂದು 71ನೆಯ ಕಲಮು ಹೇಳುತ್ತದೆ; ಆದರೆ ಡಿಕ್ರಿಯ ಸ್ವಭಾವವೇ ಸ್ಥಳಬದ್ಧವಾದುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೆಯ ಕಲಮಿನ ಪ್ರಕಾರ ನ್ಯಾಯಾಲಯವು ತನ್ನ ಗಡಿಯಾಚೆಗಿನ ಆಸ್ತಿಯ ಮೇಲೆ ಅಮಲ್ಜಾರಿ ನಡೆಸುವಂತಿಲ್ಲ, ಡಿಕ್ರಿಯನ್ನು ಅಲ್ಲಿನ ನ್ಯಾಯಾಲಯಕ್ಕೆ ವರ್ಗಾಯಿಸಬೇಕು. ಹಳೆಯ ಕಾಯ್ದೆಯಲ್ಲಿ ವಸೂಲಿ ಪ್ರಮಾಣಪತ್ರ ಪಡೆದು ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ಹಣ ಪಡೆಯುವ ದಾರಿಯಿತ್ತು; ಹೊಸ ಕಾಯ್ದೆ ಅದನ್ನು ಬಿಟ್ಟಿರುವುದು ಸಣ್ಣ ಮೊತ್ತದವರಿಗೆ ಆದ ನಷ್ಟವೆಂದೇ ಹೇಳಬೇಕು. ಉಳಿದಿರುವ ಹರಿತವಾದ ಅಸ್ತ್ರ 72ನೆಯ ಕಲಮು, ಅಂದರೆ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗಿನ ಸೆರೆ ಅಥವಾ ಕನಿಷ್ಠ 25,000 ರೂಪಾಯಿ ದಂಡ. ಅದರ ವಾರಂಟನ್ನೂ ಕೊನೆಗೆ ಪರವೂರಿನ ಪೊಲೀಸರೇ ಜಾರಿ ಮಾಡಬೇಕು.

ವಿದೇಶಿ ಕಂಪನಿಯ ವಿಷಯದಲ್ಲಿ ಅಷ್ಟೂ ಇಲ್ಲ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಸರಕು ಮಾರುವ ಹೊರದೇಶದ ಜಾಲತಾಣಗಳಿಗೂ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ, ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕೆನ್ನುತ್ತವೆ; ಆದರೆ ಇಲ್ಲಿ ಆಸ್ತಿಯಿಲ್ಲದ ಸಂಸ್ಥೆಯಿಂದ ಏನನ್ನು ಜಪ್ತಿ ಮಾಡುವುದು? ಐರೋಪ್ಯ ಒಕ್ಕೂಟದಲ್ಲಿ 2009ರಿಂದ ಇರುವ ಸಣ್ಣ ಕ್ಲೇಮುಗಳ ವಿಧಾನದಲ್ಲಿ, ಈಗ 5,000 ಯೂರೋವರೆಗಿನ ಗಡಿಯಾಚೆಗಿನ ಕ್ಲೇಮನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಿ ಪಡೆದ ತೀರ್ಪು, ಡೆನ್ಮಾರ್ಕ್ ಬಿಟ್ಟು ಉಳಿದ ಸದಸ್ಯ ದೇಶಗಳಲ್ಲಿ ಮರುಮಾನ್ಯತೆಯ ಕಲಾಪವಿಲ್ಲದೆ ಜಾರಿಯಾಗುತ್ತದೆ. ಅಷ್ಟು ದೇಶಗಳ ನಡುವೆ ಸಾಧ್ಯವಾದುದು ಒಂದೇ ದೇಶದ ಉಡುಪಿ ಮತ್ತು ಗುರುಗ್ರಾಮದ ಆಯೋಗಗಳ ನಡುವೆ ಏಕೆ ಸರಾಗವಾಗಬಾರದು ಎಂಬ ಪ್ರಶ್ನೆಯನ್ನು, ಅಮಲ್ಜಾರಿ ಅರ್ಜಿಗಳ ಅನುಭವವುಳ್ಳ ವಕೀಲರು ಮೊದಲು ಕೈಗೆತ್ತಿಕೊಳ್ಳಬೇಕಾಗಿದೆ.