ಮಕ್ಕಳು ಮೊಮ್ಮಕ್ಕಳು ಬಂದಾಗ ಅಜ್ಜಿಯ ಸೊಂಟನೋವು

(ಹಿರಿಯರ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕರಾವಳಿಯ ಮನೆಗಳಿಗೆ ವರ್ಷಕ್ಕೆ ಎರಡು ಸಲ ಜೀವ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರು, ಮುಂಬಯಿಯವರು ಬರುತ್ತಾರೆ. ಜುಲೈ, ಆಗಸ್ಟ್‌ನಲ್ಲಿ ಗಲ್ಫಿನವರು ಬರುತ್ತಾರೆ, ಅಲ್ಲಿಯ ಶಾಲೆಗಳಿಗೆ ಆಗಲೇ ದೊಡ್ಡ ರಜೆ. ಅವರು ಬರುವ ಹದಿನೈದು ದಿನ ಮೊದಲೇ ಅಜ್ಜಿಯ ಕೆಲಸ ಶುರುವಾಗುತ್ತದೆ. ಅಟ್ಟದಿಂದ ದೊಡ್ಡ ಪಾತ್ರೆ ಇಳಿಸುವುದು, ಹಾಸಿಗೆ ಬಿಸಿಲಿಗೆ ಹಾಕುವುದು, ಹಪ್ಪಳ, ಉಪ್ಪಿನಕಾಯಿ. ಮಕ್ಕಳು ಮನೆ ತಲುಪುವ ಹೊತ್ತಿಗೆ ಅಜ್ಜಿಯ ಸೊಂಟ ಅರ್ಧ ಮುಗಿದಿರುತ್ತದೆ!

ಇದು ನಿಮ್ಮೊಬ್ಬರ ಕಥೆ ಅಂತ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 61 ಕೋಟಿ 90 ಲಕ್ಷ ಜನರಿಗೆ ಸೊಂಟನೋವು ಇತ್ತು. ಬಹುಪಾಲು ಜನರಲ್ಲಿ ಇಂಥದ್ದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಸ್ನಾಯು, ಕೀಲು, ವಯಸ್ಸು, ನಿದ್ದೆ, ಚಿಂತೆ ಎಲ್ಲ ಸೇರಿರುತ್ತವೆ. ಹೊಸದಾಗಿ ಬಂದ ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

ನಾನು ಡಾಕ್ಟರಲ್ಲ, ಮನೆಮನೆಗೆ ಹೋಗುವ ಸಮಾಜಕಾರ್ಯಕರ್ತೆ. ಮನೆಗಳಲ್ಲಿ ನಾನು ನೋಡುವುದು ನೋವಿಗಿಂತ ಹೆಚ್ಚಾಗಿ ನೋವನ್ನು ಮುಚ್ಚಿಡುವುದನ್ನು.

68 ವರ್ಷದ ಒಬ್ಬ ನಿವೃತ್ತ ಶಿಕ್ಷಕಿ, ಮನೆಯಲ್ಲಿ ಒಬ್ಬರೇ. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಮೂರು ವಾರಕ್ಕೆ ಬಂದಿದ್ದರು. ತಮ್ಮ ಮಂಚವನ್ನು ಮಗ ಸೊಸೆಗೆ ಬಿಟ್ಟುಕೊಟ್ಟು ಇವರು ನೆಲದ ಮೇಲೆ ಚಾಪೆಯಲ್ಲಿ ಮಲಗಿದರು. ಬೆಳಿಗ್ಗೆ ನೆಲದಿಂದ ಏಳಲಿಕ್ಕೆ ಗೋಡೆ ಹಿಡಿಯಬೇಕು, ಯಾರೂ ನೋಡಬಾರದು ಅಂತ ಐದು ಗಂಟೆಗೇ ಏಳುವುದು. ಸಣ್ಣ ಮೊಮ್ಮಗ "ಎತ್ಕೋ" ಅಂದರೆ ಎತ್ತಿಕೊಳ್ಳುವುದು. ಮಾರುಕಟ್ಟೆಗೆ ಅಂತ ಹೇಳಿ ಹೋಗಿ ಎರಡು ವಾರದಲ್ಲಿ ಮೂರು ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿದ್ದರು. ಮಗ ಕೇಳಿದರೆ "ಏನಿಲ್ಲ ಮಗಾ, ನಿದ್ದೆ ಸರಿ ಆಗಿಲ್ಲ".

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಬೇಗ ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದರು: "ಸಿಸ್ಟರ್, ನೋವು ಅಂದ ಕೂಡಲೇ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಾ ಅಂತಾರೆ. ಆಮೇಲೆ ಮನೆ ಮಾರೋ ಮಾತು ಬರುತ್ತೆ. ಇಲ್ಲಾಂದ್ರೆ ನಿನಗೆ ಕಷ್ಟ ಆಗುತ್ತೆ ಅಂತ ಮುಂದಿನ ರಜೆಗೆ ಬರೋದೇ ನಿಲ್ಲಿಸ್ತಾರೆ."

ಈ ಹೆದರಿಕೆ ಸುಳ್ಳಲ್ಲ. ಹಾಗೆ ಆದ ಮನೆಗಳನ್ನು ನಾನೂ ಕಂಡಿದ್ದೇನೆ. ಆದರೆ ಮುಚ್ಚಿಟ್ಟರೆ ಏನಾಗುತ್ತದೆ? ನೋವಿರುವವರ ಮುಖ ಗಂಟಿಕ್ಕಿಕೊಂಡಿರುತ್ತದೆ, ಮಾತು ಕಡಿಮೆಯಾಗುತ್ತದೆ. ಆ ಮನೆಯ ಸೊಸೆ ನನ್ನ ಹತ್ತಿರ ಪ್ರತ್ಯೇಕವಾಗಿ ಹೇಳಿದ್ದು ಇಷ್ಟೇ: "ಅತ್ತೆಗೆ ನಾವು ಬಂದದ್ದು ಇಷ್ಟ ಇಲ್ಲ ಅಂತ ಕಾಣ್ತದೆ. ನಾನು ಅಡುಗೆಮನೆಗೆ ಹೋದರೆ ಮಾತೇ ಆಡೋದಿಲ್ಲ." ನೋಡಿ, ಸೊಂಟದ ನೋವು ಅಡುಗೆಮನೆಯಲ್ಲಿ ಸಿಟ್ಟಾಗಿ ಕಾಣಿಸಿತು.

ಮರುದಿನ ಎಲ್ಲರೂ ಚಾವಡಿಯಲ್ಲಿ ಕೂತೆವು. ಟೀಚರಮ್ಮ ಎರಡು ಮಾತು ಬೇರೆ ಬೇರೆ ಹೇಳಿದರು. "ನನಗೆ ನೋವಿದೆ" ಅನ್ನುವುದು ಒಂದು. "ನಾನು ಮನೆ ಬಿಡುವುದಿಲ್ಲ" ಅನ್ನುವುದು ಇನ್ನೊಂದು. ಮಗ ಮೊದಲು ಇಂಜೆಕ್ಷನ್ ವಿಷಯಕ್ಕೆ ರೇಗಿದ, ಆಮೇಲೆ ಅತ್ತ. ರಜೆ ಮುಗಿಯುವ ಮೊದಲು ಕುಳಿತುಕೊಳ್ಳುವ ಕಮೋಡ್ ಹಾಕಿಸಿ, ಪಕ್ಕದ ಗೋಡೆಗೆ ಕಬ್ಬಿಣದ ಹಿಡಿಕೆ ಕೂರಿಸಿ ಹೋದ. ಮನೆ ವಿಷಯ ಪೂರ್ತಿ ಮುಗಿದಿಲ್ಲ, ಫೋನಿನಲ್ಲಿ ಈಗಲೂ ಬರುತ್ತದಂತೆ. ಆದರೆ ಅಮ್ಮ ಕದ್ದು ಇಂಜೆಕ್ಷನ್‌ಗೆ ಹೋಗುವುದು ನಿಂತಿದೆ.

ಈ ಇಂಜೆಕ್ಷನ್, ಮಾತ್ರೆ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಡೈಕ್ಲೋಫೆನಾಕ್ ಇಂಜೆಕ್ಷನ್ ತಕ್ಷಣ ಹಾಯೆನಿಸುತ್ತದೆ, ನಿಜ. ಆದರೆ ವಯಸ್ಸಾದವರಲ್ಲಿ ಇದೇ ಜಾತಿಯ ಔಷಧಿಗಳು ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಮಾಡಬಹುದು, ಬಿ.ಪಿ. ಏರಿಸಬಹುದು, ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಇನ್ನು ಗಲ್ಫಿನ ಮಕ್ಕಳು ಟೈಗರ್ ಬಾಮ್ ಜೊತೆ ಡಬ್ಬಿಗಟ್ಟಲೆ ನೋವಿನ ಮಾತ್ರೆ ತರುತ್ತಾರೆ. ಬಾಮ್ ಹಚ್ಚಿಕೊಳ್ಳಿ, ಚರ್ಮ ಉರಿಯದಿದ್ದರೆ ಸರಿ. ಆದರೆ ಅಲ್ಲಿಂದ ಬಂದ ಐಬುಪ್ರೊಫೆನ್, ಇಲ್ಲಿ ಕೊಟ್ಟ ಡೈಕ್ಲೋಫೆನಾಕ್ ಎರಡೂ ಒಂದೇ ಬಳಗ. ಎರಡನ್ನೂ ಒಟ್ಟಿಗೆ ನುಂಗಿದರೆ ಅಪಾಯ ಹೆಚ್ಚುತ್ತದೆ. ಎಲ್ಲ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಹಾಗಾದರೆ ಮಲಗಿಬಿಡುವುದಾ? ಅದೂ ಬೇಡ. ದಿನಗಟ್ಟಲೆ ಮಲಗಿದರೆ ಸ್ನಾಯು ಸೋತು ನೋವು ಉಳಿದುಕೊಳ್ಳುತ್ತದೆ. ಆಗುವಷ್ಟು ಓಡಾಡಬೇಕು. ಅಂಗಳದಲ್ಲಿ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಮೊಮ್ಮಕ್ಕಳ ಕೈ ಹಿಡಿದೇ ನಡೆಯಿರಿ. ಸೊಂಟದ ಬೆಲ್ಟ್ ಮೇಲೆ ನಮ್ಮ ಜನರಿಗೆ ಬಹಳ ನಂಬಿಕೆ. ಮೂರು ತಿಂಗಳಿಗಿಂತ ಹಳೆಯ, ನಿರ್ದಿಷ್ಟ ಕಾರಣ ಸಿಗದ ಸೊಂಟನೋವಿಗೆ ಬೆಲ್ಟ್ ಮತ್ತು ಎಳೆತದ ಚಿಕಿತ್ಸೆ ಬೇಡವೆಂದು, ವ್ಯಾಯಾಮ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ಡಾಕ್ಟರು ಬೇರೆ ಕಾರಣಕ್ಕೆ ಬೆಲ್ಟ್ ಕೊಟ್ಟಿದ್ದರೆ ಅವರನ್ನು ಕೇಳದೆ ಬಿಚ್ಚಬೇಡಿ. ಬಿಸಿನೀರಿನ ಚೀಲವನ್ನು ಟವಲಿನಲ್ಲಿ ಸುತ್ತಿ ಹದಿನೈದು ನಿಮಿಷ ಇಡಬಹುದು, ಆದರೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು ಸುಟ್ಟುಕೊಂಡೀರಿ, ಜೋಪಾನ.

ಮಂಚ ಬಿಟ್ಟುಕೊಡಬೇಡಿ. ಇದನ್ನು ಗಂಡುಮಕ್ಕಳೂ ಕೇಳಿಸಿಕೊಳ್ಳಲಿ: ಚಾಪೆಯಲ್ಲಿ ಮಲಗಬೇಕಾದವರು ನಲವತ್ತರ ಮಗ, ಎಪ್ಪತ್ತರ ತಾಯಿಯಲ್ಲ. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಎದ್ದು ಕೂತುಕೊಳ್ಳಿ. ಮೆಟ್ಟುಕತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಹಲಸಿನಹಣ್ಣು ಬಿಡಿಸುವ ಕೆಲಸ ಈ ಸಲ ಬೇರೆಯವರಿಗಿರಲಿ, ನೀವು ಕುರ್ಚಿಯಲ್ಲಿ ಕೂತು ಸೊಳೆ ಬಿಡಿಸಿಕೊಡಿ. ಕೊಡಪಾನ ಅರ್ಧ ತುಂಬಿಸಿ. ಮೊಮ್ಮಗುವನ್ನು ನೆಲದಿಂದ ಎತ್ತಬೇಡಿ, ನೀವು ಕೂತುಕೊಳ್ಳಿ, ಅದೇ ಹತ್ತಿ ಮಡಿಲಿಗೆ ಬರುತ್ತದೆ. ಕಾರಿನಲ್ಲಿ ದೂರ ಹೋಗುವಾಗ ಗಂಟೆಗೊಮ್ಮೆ ನಿಲ್ಲಿಸಲು ಹೇಳಿ. ಘಾಟಿಯ ತಿರುವು, ಹೊಂಡ ಎಲ್ಲ ಮುಗಿದ ಮೇಲೆ ನಿಲ್ಲಿಸಿದರೆ ಕಾಲೇ ಇಳಿಸಲಾಗುವುದಿಲ್ಲ.

ಕೆಲವು ಲಕ್ಷಣಗಳಿದ್ದರೆ ಮಾತ್ರ ಕಾಯಬೇಡಿ. ಮೂತ್ರ, ಮಲ ಹಿಡಿತ ತಪ್ಪಿದರೆ ಅಥವಾ ಮೂತ್ರ ಕಟ್ಟಿದರೆ, ತೊಡೆಯ ಸಂದಿನ ಸುತ್ತ ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು, ರಾತ್ರಿಯಾದರೂ ಸರಿ. ಬಿದ್ದ ಮೇಲೆ ಬಂದ ನೋವು, ಜ್ವರದೊಡನೆ ಬಂದ ನೋವು, ಮೊದಲು ಕ್ಯಾನ್ಸರ್ ಆಗಿದ್ದವರ ನೋವು, ತೂಕ ಇಳಿಯುತ್ತಿರುವವರ ನೋವು, ಇವನ್ನೂ ಡಾಕ್ಟರಿಗೆ ಬೇಗ ತೋರಿಸಬೇಕು. ಮುಟ್ಟು ನಿಂತು ವರ್ಷಗಳಾದ ಹೆಂಗಸರಲ್ಲಿ ಮೂಳೆ ಸವೆದಿದ್ದರೆ, ಒಂದು ಬಕೆಟ್ ಎತ್ತಿದ್ದಕ್ಕೇ ಬೆನ್ನುಮೂಳೆ ಕುಸಿಯುವುದುಂಟು.

ಖರ್ಚಿನ ಮಾತು ಬರುತ್ತದೆ. 70 ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ಆಯುಷ್ಮಾನ್ ವಯೋವಂದನಾ ಕಾರ್ಡ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. ಅದು ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ. ನಿಮ್ಮ ಊರಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಅಂತ ಮೊದಲೇ ವಿಚಾರಿಸಿಡಿ. ಮಕ್ಕಳು ರಜೆಯಲ್ಲಿ ಬಂದಾಗ ಈ ಓಡಾಟ ಅವರಿಗೇ ಒಪ್ಪಿಸಿ. ಮೊಬೈಲು ಒತ್ತುವುದು ಅವರಿಗೆ ಸುಲಭ.

ಇನ್ನೊಂದು ವಿಷಯ ಮರೆತಿದ್ದೆ. ಬಹಳ ಜನರಿಗೆ ಸೊಂಟ ಹಿಡಿಯುವುದು ನೆಂಟರು ಹೊರಟ ಮರುದಿನ. ಮನೆ ಖಾಲಿ, ಮನಸ್ಸಿಗೆ ಬೇಸರ, ಆ ಬೇಸರದಲ್ಲೇ ಎಲ್ಲ ಬೆಡ್‌ಶೀಟ್, ಕಂಬಳಿ ನೆನೆಸಿ ಒಗೆಯಲು ಕೂರುತ್ತೇವೆ. ದಿನಕ್ಕೆ ಎರಡು ಒಗೆಯಿರಿ, ಉಳಿದದ್ದು ಅಲ್ಲೇ ಇರಲಿ.

ಈಗ ಚಹಾ ಇದೆ. ಚಹಾ ಆದ ಮೇಲೆ ಫಿಸಿಯೋಥೆರಪಿಸ್ಟ್ ಬಂದು ಕುರ್ಚಿಯಲ್ಲಿ ಕೂತು ಮಾಡುವ ವ್ಯಾಯಾಮಗಳನ್ನು ತೋರಿಸುತ್ತಾರೆ. ಸೀರೆಯಲ್ಲೇ ಮಾಡಬಹುದು, ಯಾರೂ ಬೇಗ ಮನೆಗೆ ಹೊರಡಬೇಡಿ.