ಮೇಷ್ಟ್ರಾಗುವ ಮಕ್ಕಳ ಖರ್ಚನ್ನು ಯಾರು ಹೊರಬೇಕು?

(ಕಾನಹೊಸಹಳ್ಳಿಯಲ್ಲಿ ಸೇರಿದ್ದ ಕಾರ್ಮಿಕರ ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಪಕ್ಷದ ಸಂಘಟಕರು ಮಾಡಿದ ಭಾಷಣ)



ಬಿ.ಎ. ಮುಗಿಸಿದ ಮಗಳು "ಅಪ್ಪಾ, ಬಿ.ಎಡ್. ಮಾಡ್ತೀನಿ" ಎಂದಾಗ ನಮ್ಮ ಮನೆಗಳಲ್ಲಿ ಮೊದಲು ಏಳುವ ಮಾತು "ದುಡ್ಡೆಲ್ಲಿ?" ಎಂಬುದು. ಶೇಂಗಾ ಮಾರಿದ ಹಣ ಸಾಲಕ್ಕೆ ಹೋಗಿರುತ್ತದೆ. ಗಿರಣಿಯ ಬಟವಾಡೆ ಅಂಗಡಿಯ ಬಾಕಿಗೆ ಹೋಗಿರುತ್ತದೆ. ಅಂಗಡಿಯವನ ಉದ್ರಿಯಂತೂ ವಸೂಲಾಗಿರುವುದಿಲ್ಲ. ಆ ಹುಡುಗಿಯ ಆಸೆ ಅಡಿಗೆಮನೆಯಲ್ಲೇ ಮುಗಿದುಹೋಗುತ್ತದೆ.

ಈ ಖರ್ಚು ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. 2015ಕ್ಕೆ ಮುಂಚೆ ಬಿ.ಎಡ್. ಒಂದು ವರ್ಷದ್ದಾಗಿತ್ತು. ಆ ವರ್ಷದಿಂದ ಅದು ಎರಡು ವರ್ಷವಾಯಿತು. ಶಿಕ್ಷಣ ಚೆನ್ನಾಗಿರಲೆಂದು ಹಾಗೆ ಮಾಡಿದರು, ಬೇಡವೆನ್ನುವುದಿಲ್ಲ. ಆದರೆ ಹೆಚ್ಚಿದ ಒಂದು ವರ್ಷದ ಫೀಜು, ಊಟ, ಬಸ್ಸು ಚಾರ್ಜು, ಪಾಠೋಪಕರಣಗಳ ಖರ್ಚು, ಆ ವರ್ಷ ಬರದೇ ಹೋದ ಕೂಲಿ, ಇವೆಲ್ಲ ಬಿದ್ದದ್ದು ತಂದೆತಾಯಿಗಳ ತಲೆಯ ಮೇಲೆ.

ಗಿರಣಿಯ ಬಂಧುಗಳಿಗೆ ಒಂದು ಮಾತು ಕೇಳುತ್ತೇನೆ. ಐ.ಟಿ.ಐ. ಮುಗಿಸಿದ ಹುಡುಗ ಕಾರ್ಖಾನೆಗೆ ಅಪ್ರೆಂಟಿಸಾಗಿ ಬಂದರೆ 1961ರ ಅಪ್ರೆಂಟಿಸ್ ಕಾಯಿದೆಯ ಪ್ರಕಾರ ಅವನಿಗೆ ಸ್ಟೈಪೆಂಡ್ ಕೊಡಲೇಬೇಕು. ಕಲಿಯುವವನೂ ದುಡಿಯುತ್ತಾನೆ ಎಂಬ ನ್ಯಾಯ ಅದರಲ್ಲಿದೆ. ಬಿ.ಎಡ್. ವಿದ್ಯಾರ್ಥಿಯೂ 20 ವಾರ ಶಾಲೆಗಳಲ್ಲಿ ಇರಬೇಕೆಂದು ನಿಯಮವಿದೆ. ಮೇಷ್ಟ್ರಿಲ್ಲದ ಶಾಲೆಯಲ್ಲಿ ಅವಳೇ ಪಾಠ ಹೇಳುತ್ತಾಳೆ. ಅವಳಿಗೆ ಸ್ಟೈಪೆಂಡ್ ಕೊಡಿರೆಂದು ಆ ನಿಯಮ ಹೇಳುವುದಿಲ್ಲ. ಫೀಜನ್ನು ಮಾತ್ರ ಅವಳೇ ಕಟ್ಟಬೇಕು! ಯಂತ್ರ ನಡೆಸಲು ಕಲಿಯುವವನಿಗೆ ಇರುವ ಹಕ್ಕು ಮಕ್ಕಳಿಗೆ ಅಕ್ಷರ ಕಲಿಸಲು ಕಲಿಯುವವಳಿಗೆ ಏಕಿಲ್ಲ?

ಇದು ನಾವು ಹೊಸದಾಗಿ ಎತ್ತಿದ ತಕರಾರಲ್ಲ. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವು, ತರಬೇತಿ ಸಂಸ್ಥೆಗಳಲ್ಲಿ ಬೋಧನಾ ಶುಲ್ಕವನ್ನೇ ತೆಗೆದುಹಾಕಬೇಕು, ಸ್ಟೈಪೆಂಡ್ ಮತ್ತು ಸಾಲವನ್ನು ಧಾರಾಳವಾಗಿ ಕೊಡಬೇಕು ಎಂದು ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ನಾಲ್ಕು ವರ್ಷದ ಬಿ.ಎಡ್. ಓದುವ ಹಳ್ಳಿಗಾಡಿನ ಪ್ರತಿಭಾವಂತರಿಗೆ ವಿಶೇಷ ವಿದ್ಯಾರ್ಥಿವೇತನ ಕೊಟ್ಟು, ಅವರ ಸೀಮೆಯಲ್ಲೇ ಕೆಲಸಕ್ಕೆ ಆದ್ಯತೆ ಕೊಡುವುದಾಗಿ ಬರೆಯಿತು. ಕಾಗದದ ಮೇಲೆ ಎಲ್ಲವೂ ಇದೆ. ಇಂಗ್ಲೆಂಡಿನಲ್ಲಿ ಗಣಿತ, ಭೌತವಿಜ್ಞಾನಗಳಿಗೆ ಮೇಷ್ಟ್ರು ಸಿಗುತ್ತಿಲ್ಲವೆಂದು ತರಬೇತಿಗೆ ಸೇರುವವರಿಗೆ ಸರ್ಕಾರವೇ ಹಣ ಕೊಡುತ್ತದೆ. ನಮ್ಮಲ್ಲಿ ಮೇಷ್ಟ್ರ ಕೊರತೆಯೂ ಇದೆ, ತರಬೇತಿಯ ಫೀಜೂ ಇದೆ.

ಹೋರಾಟ ನಡೆಯಲಿ, ಅಲ್ಲಿಯವರೆಗೆ ಇರುವುದನ್ನು ಬಿಡಬೇಡಿ. ಕೆಲವು ವಿಷಯ ಗಮನವಿಟ್ಟು ಕೇಳಿ.

ಒಂದು, ಯಾವ ತರಬೇತಿ ಎಂಬುದನ್ನು ಮೊದಲು ತೀರ್ಮಾನಿಸಿ. 1ರಿಂದ 5ನೇ ತರಗತಿಯ ಮೇಷ್ಟ್ರಾಗಲು ಬಿ.ಎಡ್. ಅರ್ಹತೆಯಲ್ಲವೆಂದು ಸುಪ್ರೀಂ ಕೋರ್ಟು 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಅದಕ್ಕೆ ಪಿ.ಯು.ಸಿ. ನಂತರದ ಎರಡು ವರ್ಷದ ಡಿ.ಎಲ್.ಎಡ್. ಬೇಕು. ಇದು ತಿಳಿಯದೆ ಸಾಲ ಮಾಡಿ ಸೇರಿಸಿದರೆ ಹಣವೂ ಹೋಯಿತು, ವರ್ಷವೂ ಹೋಯಿತು.

ಎರಡು, ದಲ್ಲಾಳಿಯ ಮಾತು ಕೇಳಿ ಆಡಳಿತ ಮಂಡಳಿಯ ಸೀಟಿಗೆ ಓಡಬೇಡಿ. ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿಯಲ್ಲಿ ಅರ್ಜಿ ಹಾಕಿ ಸರ್ಕಾರಿ ಕೋಟಾದ ಸೀಟು ಪಡೆಯಿರಿ. ಸಂವಿಧಾನದ 371(ಜೆ) ವಿಧಿ 2012ರ ತಿದ್ದುಪಡಿಯಿಂದ ಬಂದದ್ದು. ನಮ್ಮ ಜಿಲ್ಲೆಗೂ ಅನ್ವಯಿಸುತ್ತದೆ. ಸೀಟಿಗೂ ನೌಕರಿಗೂ ಅದರ ಮೀಸಲಾತಿ ಇದೆ. 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಕ್ಕೆ ಪರೀಕ್ಷೆ ನಡೆದಾಗ 5,000 ಹುದ್ದೆ ಕಲ್ಯಾಣ ಕರ್ನಾಟಕದ್ದಾಗಿತ್ತು. ಉಪವಿಭಾಗಾಧಿಕಾರಿಗಳ ಅರ್ಹತಾ ಪ್ರಮಾಣಪತ್ರ ಈಗಲೇ ಮಾಡಿಸಿಡಿ.

ಮೂರು, ವಿದ್ಯಾರ್ಥಿವೇತನ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಿಂದ ಬಂದದ್ದು. ತಂದೆತಾಯಿಗಳ ವರಮಾನ ವರ್ಷಕ್ಕೆ ಎರಡೂವರೆ ಲಕ್ಷ ಮೀರಬಾರದು. ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ ಉಂಟು. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಉಂಟು. 2013-14ರಲ್ಲಿ ಅದು ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳಿಗೆ ನಿಗದಿಯಾಗಿತ್ತು. ಅರ್ಜಿ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ನಾಡಕಚೇರಿಯ ಜಾತಿ-ಆದಾಯ ಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಹೆಸರು ಎಲ್ಲ ಕಡೆ ಒಂದೇ ರೀತಿ ಇರಬೇಕು. ಒಂದಕ್ಷರ ತಪ್ಪಿದರೆ ಹಣ ನಿಲ್ಲುತ್ತದೆ.

ನಾಲ್ಕು, ಕಾರ್ಮಿಕರ ಪಾಲು. ಕಾರ್ಮಿಕ ಕಲ್ಯಾಣ ನಿಧಿಗೆಂದು ವರ್ಷಕ್ಕೊಮ್ಮೆ ಸಂಬಳದಲ್ಲಿ ವಂತಿಗೆ ಹಿಡಿಯುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದು ಇದೆಯೇ ನೋಡಿಕೊಳ್ಳಿ. ಇದ್ದರೆ ನಿಮ್ಮ ಮಕ್ಕಳ ಓದಿಗೆ ಆ ಮಂಡಳಿಯಿಂದ ಧನಸಹಾಯ ಕೇಳಬಹುದು. ಅದು ಭಿಕ್ಷೆಯಲ್ಲ, ನೀವೇ ಕಟ್ಟಿದ ಹಣ. ಕಟ್ಟಡ ಕಾರ್ಮಿಕರಿಗೆ ಬೇರೆ ಮಂಡಳಿ ಇದೆ. ನೋಂದಣಿ ಮಾಡಿಸಿಕೊಂಡವರ ಮಕ್ಕಳಿಗೂ ನೆರವುಂಟು.

ಇಷ್ಟಾದರೂ ಎರಡು ತೂತು ಉಳಿಯುತ್ತವೆ. ಕಾಲೇಜು ಫೀಜು ಕೇಳುವುದು ಸೇರುವ ದಿನ. ವಿದ್ಯಾರ್ಥಿವೇತನ ಬರುವುದು ಎಷ್ಟೋ ತಿಂಗಳ ಮೇಲೆ. ಆ ನಡುವಿನ ತಿಂಗಳುಗಳಲ್ಲಿ ಬಡ್ಡಿಯವನು ಬೆಳೆಯುತ್ತಾನೆ. ಇನ್ನೊಂದು, ವರಮಾನದ ಮಿತಿಯನ್ನು ಸ್ವಲ್ಪವೇ ದಾಟಿದ ಚಿಕ್ಕ ಅಂಗಡಿಯವನಿಗೆ ಏನೂ ಸಿಗುವುದಿಲ್ಲ. ಅವನಿಗೆ ಬ್ಯಾಂಕಿನ ಶಿಕ್ಷಣ ಸಾಲವೇ ಗತಿ. ನಾಲ್ಕು ಲಕ್ಷದವರೆಗೆ ಜಾಮೀನು ಆಸ್ತಿ ಕೇಳಬಾರದೆಂಬ ನಿಯಮ ಬ್ಯಾಂಕುಗಳಿಗಿದೆ. ಮ್ಯಾನೇಜರು ಇಲ್ಲವೆಂದರೆ ಕಾರಣ ಬರೆದು ಕೊಡಿ ಎಂದು ಕೇಳಿ. ಆದರೆ ಸಾಲ ಸಾಲವೇ. ತರಬೇತಿ ಮುಗಿಸಿ ಅತಿಥಿ ಶಿಕ್ಷಕಿಯಾದರೆ ಸಿಗುವ ಗೌರವಧನದಲ್ಲಿ ಮನೆ ನಡೆಯುವುದೇ ಕಷ್ಟ, ಕಂತು ಕಟ್ಟುವುದು ಎಲ್ಲಿಂದ?

ಆದ್ದರಿಂದ ನಮ್ಮ ಬೇಡಿಕೆ ಮೂರು. ಮೇಷ್ಟ್ರ ತರಬೇತಿಗೆ ಶುಲ್ಕವಿರಬಾರದು. ಶಾಲೆಯಲ್ಲಿ ದುಡಿಯುವ 20 ವಾರಕ್ಕೆ ಸ್ಟೈಪೆಂಡ್ ಕೊಡಬೇಕು. ವಿದ್ಯಾರ್ಥಿವೇತನ ಮೊದಲ ಕಂತಿನ ಫೀಜಿಗೆ ಮುಂಚೆಯೇ ಕೈಸೇರಬೇಕು.

ಇದು ಓದುವ ಮಕ್ಕಳ ಪ್ರಶ್ನೆ ಮಾತ್ರವಲ್ಲ. ದುಡ್ಡಿದ್ದವರ ಮಕ್ಕಳೇ ಮೇಷ್ಟ್ರಾದರೆ ಅವರು ವರ್ಗ ಮಾಡಿಸಿಕೊಂಡು ಪೇಟೆ ಸೇರುತ್ತಾರೆ. ಕಾನಹೊಸಹಳ್ಳಿಯ ಹುಡುಗಿ ಮೇಷ್ಟ್ರಾದರೆ ಗುಡೇಕೋಟೆಯ ಶಾಲೆಯ ಬಾಗಿಲು ತೆರೆದಿರುತ್ತದೆ. ಬೇಡಿಕೆಯ ಮನವಿ ಮೇಜಿನ ಮೇಲಿದೆ. ಸಹಿ ಹಾಕಿ ಹೋಗಿ. ಅರ್ಜಿ ತುಂಬಲು ಬಾರದವರು ಕಾಗದಪತ್ರ ಹಿಡಿದು ಪಕ್ಷದ ಕಚೇರಿಗೆ ಬನ್ನಿ, ಜೊತೆಗೆ ಕೂತು ತುಂಬೋಣ.