ಅಳಿವೆ ಬಾಗಿಲಲ್ಲಿ ತಾಳ್ಮೆ
(ಸಂತ ಪೇತ್ರ ಮತ್ತು ಸಂತ ಪೌಲರ ಮಹೋತ್ಸವದ ಪ್ರಬೋಧನೆ, ಜೂನ್ 29)



ಇಂದು ನಾವು ಸ್ಮರಿಸುವ ಇಬ್ಬರು ಸಂತರಲ್ಲಿ ಪೇತ್ರರು ಬೆಸ್ತರು, ಪೌಲರು ಗುಡಾರ ಮಾಡುವವರು. ಇಬ್ಬರೂ ನೀರಿನ ಅಪಾಯವನ್ನು ಕಂಡವರು. ಇವರ ಹಬ್ಬ ನಮ್ಮ ಕರಾವಳಿಗೆ ಬರುವುದು ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ಧಕ್ಕೆಯಲ್ಲಿ ವಿಶ್ರಮಿಸುತ್ತಿವೆ. ಅವು ಕಡಲಿನಿಂದ ಮನೆಗೆ ಮರಳುವ ದಾರಿಯನ್ನು ಇಂದು ಧ್ಯಾನಿಸೋಣ.

ಕಡಲಿನ ಅಪಾಯವೆಂದರೆ ನಮಗೆ ನೆನಪಾಗುವುದು ನಡುಗಡಲು. ಮೀನುಗಾರರು ಅಷ್ಟೇ ಭಯದಿಂದ ಹೇಳುವ ಹೆಸರು ಅಳಿವೆ ಬಾಗಿಲು. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದಾಗಿ ಕಡಲು ಸೇರುತ್ತವೆ. ಒಂದು ಕಡೆ ಬೆಂಗ್ರೆ, ಇನ್ನೊಂದು ಕಡೆ ಉಳ್ಳಾಲ. ನಡುವಿನ ಆ ಬಾಗಿಲಿನಿಂದಲೇ ಬೋಟುಗಳು ಹಳೆ ಬಂದರಿಗೆ ಬರಬೇಕು. ನದಿ ತರುವ ಹೂಳೂ ಅಲೆ ತರುವ ಮರಳೂ ಅಲ್ಲಿ ನೀರಿನಡಿಯಲ್ಲಿ ದಿಬ್ಬ ಕಟ್ಟುತ್ತವೆ. ಮಳೆಗಾಲ ಕಳೆದಾಗ ದಿಬ್ಬ ಜಾಗ ಬದಲಿಸಿರುತ್ತದೆ. ಹೋದ ವರ್ಷದ ದಾರಿಯನ್ನು ನಂಬಿ ಬಂದವನು ಮರಳಲ್ಲಿ ಸಿಕ್ಕಿಬೀಳಬಹುದು.

ಅನುಭವಿ ತಾಂಡೇಲನು ಏನು ಮಾಡುತ್ತಾನೆ? ಮೊದಲು, ಕಾಯುತ್ತಾನೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇಳಿತದಲ್ಲಿ ಹೊರಗೆ ಹರಿಯುವ ಸೆಳೆತಕ್ಕೆ ಕಡಲಿನ ಅಲೆ ಎದುರಾಗಿ, ಎತ್ತರಕ್ಕೆ ಎದ್ದು ಒಡೆಯುತ್ತದೆ. ಏರುವ ನೀರಿನಲ್ಲಿ ಬಂದರೆ, ಬೋಟು ಮರಳಿಗೆ ತಾಗಿದರೂ ಅದೇ ನೀರು ಅದನ್ನು ಎತ್ತಬಹುದು. ಇಳಿಯುವ ನೀರಿನಲ್ಲಿ ತಾಗಿದರೆ, ನೀರು ಬೋಟನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಎರಡನೆಯದಾಗಿ, ಒಳಗಿನ ಕಡಿಮೆ ನೀರಿಗೆ ಬಂದ ಮೇಲೆ ವೇಗ ತಗ್ಗಿಸುತ್ತಾನೆ. ಆಳವಿಲ್ಲದಲ್ಲಿ ಜೋರಾಗಿ ಓಡುವ ಬೋಟು ಇನ್ನಷ್ಟು ಕೆಳಕ್ಕೆ ಕೂರುತ್ತದೆ. ಮೂರನೆಯದಾಗಿ, ಆಳ ತಿಳಿದುಕೊಂಡೇ ಮುಂದೆ ಹೋಗುತ್ತಾನೆ.

ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯದಲ್ಲಿ ಇದೇ ಜಾಗರೂಕತೆಯನ್ನು ಕಾಣುತ್ತೇವೆ. ಪೌಲರು ಕೈದಿಯಾಗಿ ರೋಮಿಗೆ ಹೋಗುವ ಹಡಗಿನಲ್ಲಿ 276 ಮಂದಿ. ಬಿರುಗಾಳಿಗೆ ಸಿಕ್ಕಿ ಹದಿನಾಲ್ಕನೆಯ ರಾತ್ರಿ. ದಡ ಹತ್ತಿರವಾಯಿತೆಂದು ನಾವಿಕರಿಗೆ ಅನಿಸಿತು. ಗುಂಡು ಇಳಿಬಿಟ್ಟು ಅಳೆದರು: 20 ಮಾರು. ಸ್ವಲ್ಪ ಮುಂದೆ 15 ಮಾರು. ಕೂಡಲೇ ಹಿಂಭಾಗದಿಂದ ನಾಲ್ಕು ಲಂಗರು ಇಳಿಸಿ, ಬೆಳಗಾಗಲೆಂದು ಪ್ರಾರ್ಥಿಸಿದರು.

ಆದರೆ ಆ ರಾತ್ರಿ ಇನ್ನೊಂದು ಅಪಾಯ ತಲೆಯೆತ್ತಿತು. ಲಂಗರು ಹಾಕುವ ನೆಪದಲ್ಲಿ ನಾವಿಕರು ಸಣ್ಣ ದೋಣಿ ಇಳಿಸಿ ಓಡಿಹೋಗಲು ನೋಡಿದರು. ಕೆಲಸ ಬಲ್ಲವರೇ ಉಳಿದವರನ್ನು ಬಿಟ್ಟು ಹೋಗುವುದೆಂದರೆ! ಅವರು ಹಡಗಿನಲ್ಲಿ ಉಳಿಯದಿದ್ದರೆ ಯಾರಿಗೂ ಉಳಿವಿಲ್ಲವೆಂದು ಪೌಲರು ಎಚ್ಚರಿಸಿದರು. ಬೆಳಗಾಗುವಾಗ ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ತಿಂದರು. ಎಲ್ಲರಿಗೂ ಧೈರ್ಯ ಬಂತು. ಮುಂದೆ ಹಡಗು ನೆಲಕ್ಕೆ ತಾಗಿ ಒಡೆಯಿತು. ಜನರು ಈಜಿ, ಹಲಗೆ ಹಿಡಿದು ಮಾಲ್ಟಾ ದಡ ಸೇರಿದರು. ಒಂದು ಜೀವವೂ ಹೋಗಲಿಲ್ಲ.

ಪ್ರಿಯರೇ, ನಮ್ಮ ಮನೆಗಳು ಎಲ್ಲಿ ಒಡೆಯುತ್ತವೆ? ಬಡತನದ ದಿನಗಳನ್ನು ಒಟ್ಟಾಗಿ ದಾಟಿದ ಅಣ್ಣತಮ್ಮಂದಿರು ಪಾಲುಪಟ್ಟಿಯ ದಿನ ಮಾತು ಬಿಡುತ್ತಾರೆ. ಗಲ್ಫಿನಲ್ಲಿ ಇಪ್ಪತ್ತು ವರ್ಷ ದುಡಿದ ತಂದೆ, ಊರಿಗೆ ಮರಳಿದ ವರ್ಷವೇ ಮಕ್ಕಳೊಡನೆ ಜಗಳಕ್ಕೆ ನಿಲ್ಲುತ್ತಾರೆ. ಅವರು ಬಿಟ್ಟುಹೋದ ಮನೆ ಈಗಿಲ್ಲ, ದಿಬ್ಬ ಸರಿದಿದೆ. ಅಂಥವರು ಮೊದಲು ಆಳ ನೋಡಲಿ, ಆಮೇಲೆ ಆಜ್ಞೆ ಮಾಡಲಿ. ಮನೆಯವರೂ ನೀರು ಏರುವವರೆಗೆ ಕಾಯಲಿ. ಸಿಟ್ಟು ಇಳಿಯದ ರಾತ್ರಿ ಯಾವ ಕಾಗದಕ್ಕೂ ಸಹಿ ಹಾಕುವುದು ಬೇಡ.

ಮುಖ್ಯವಾಗಿ, ಕಷ್ಟದ ಹೊತ್ತಿನಲ್ಲಿ ಸಣ್ಣ ದೋಣಿ ಇಳಿಸಿ ಜಾರಿಕೊಳ್ಳುವುದು ಬೇಡ. ಪೌಲರ ಹಡಗು ಉಳಿಯಲಿಲ್ಲ, ಜನ ಉಳಿದರು. ಮನೆ, ಜಾಗ, ಹಣ ಹೋದರೂ ನಮ್ಮವರು ನಮಗೆ ಉಳಿಯಲಿ. ಒಂದೇ ರೊಟ್ಟಿಯನ್ನು ಮುರಿದು ಹಂಚಿಕೊಳ್ಳುವ ಈ ಬಲಿಪೂಜೆಯಲ್ಲಿ ಆ ಕೃಪೆಯನ್ನು ಬೇಡೋಣ. ಸಂತ ಪೇತ್ರರೇ, ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.